ಹಿಂದಿನ ಸಾಲಿಗೂ ಕೇಳಬೇಕು

‘ಸುಮ್ನೆ ಪಿಟೀಲು ಕುಯ್ಯಬೇಡ’ ಎನ್ನುವ ಮಾತು ನಮ್ಮ ತಿಪಟೂರಿನ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಕೊಬ್ಬರಿ ರೇಟಿನ ಬಗ್ಗೆ ಹೇಳಿದ್ದನ್ನೇ ಎಳೆದೆಳೆದು ಹೇಳುವವರಿಗೆ ಸಿಗುವ ಉತ್ತರ ಅದು. ಪಿಟೀಲೆಂದರೆ ಕೊರೆತ ಎಂದು ತೀರ್ಮಾನಿಸಿಬಿಟ್ಟ ಇದೇ ಕನ್ನಡ, ಒಬ್ಬ ಮನುಷ್ಯನ ಹೆಸರಿಗೆ ಮಾತ್ರ ಆ ಪದವನ್ನು ಬಿರುದಿನಂತೆ ಸೇರಿಸಿಕೊಂಡಿದೆ: ಪಿಟೀಲು ಚೌಡಯ್ಯ. ಸಂಗೀತ ಕಚೇರಿಗೆ ಎಂದೂ ಹೋಗದವರಿಗೂ ಈ ಹೆಸರು ಗೊತ್ತು, ಅವರ ಪಿಟೀಲಿಗೆ ಏಳು ತಂತಿ ಇತ್ತೆಂಬುದೂ ಗೊತ್ತು. ಏಳು ಯಾಕೆ ಎಂದು ಕೇಳಿದರೆ ಮಾತ್ರ ‘ಜಾಸ್ತಿ ಸದ್ದು ಬರಲಿ ಅಂತ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಅರ್ಧ.

ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಕಲಿತದ್ದು ಮೈಸೂರಿನಲ್ಲಿ, ಬಿಡಾರಂ ಕೃಷ್ಣಪ್ಪನವರ ಬಳಿ. ಕೃಷ್ಣಪ್ಪನವರು ಗಾಯಕರು. ಪಿಟೀಲುಗಾರನೊಬ್ಬ ಗಾಯಕನ ಬಳಿ ಕಲಿತನೆಂಬುದು ಸಣ್ಣ ಸಂಗತಿಯಲ್ಲ. ಮುಂದೆ ಅವರು ಬದುಕಿನುದ್ದಕ್ಕೂ ಮಾಡಿದ್ದು ಹೆಚ್ಚಾಗಿ ಪಕ್ಕವಾದ್ಯದ ಕೆಲಸ. ಹಾಡುವವರ ದನಿಯನ್ನು ಹಿಂಬಾಲಿಸುವುದು, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ರಾಗವನ್ನು ಬೀಳಗೊಡದೆ ಹಿಡಿದಿರುವುದು, ತಮ್ಮ ಸರದಿ ಬಂದಾಗ ಉತ್ತರ ಕೊಡುವುದು.

ಆ ಕಾಲದ ಕಚೇರಿಗಳಲ್ಲಿ ಮೈಕು ಇರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂಥವರ ತುಂಬು ಕಂಠ ಸಭೆಯ ಕೊನೆಯವರೆಗೂ ಮುಟ್ಟುತ್ತಿತ್ತು. ನಾಲ್ಕು ತಂತಿಯ ಪಿಟೀಲು ಮುಟ್ಟುತ್ತಿರಲಿಲ್ಲ. ಮುಂದಿನ ಸಾಲಿನ ಪ್ರತಿಷ್ಠಿತರಿಗೆ ಗಾಯನ ಮತ್ತು ಪಿಟೀಲಿನ ಸಂವಾದ. ಹಿಂದೆ ಕೂತವರಿಗೆ ಒಬ್ಬರ ಮಾತಷ್ಟೇ. 1927ರ ಸುಮಾರಿಗೆ ಚೌಡಯ್ಯನವರು ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಸೇರಿಸಿದರು. ನಾಲ್ಕು ಏಳಾಯಿತು.

ಮೇಲ್ನೋಟಕ್ಕೆ ಇದು ಸರಳ ಲೆಕ್ಕ. ನುಡಿಸುವವರಿಗೆ ಗೊತ್ತು ಅದರ ಕಷ್ಟ. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ, ಒಂದೇ ಜಾಗದಲ್ಲಿ ಒತ್ತಬೇಕು. ಕಮಾನು ಎರಡರ ಮೇಲೂ ಸಮನಾಗಿ ಕೂರಬೇಕು. ನಮ್ಮ ಸಂಗೀತದಲ್ಲಿ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ, ತೂಗುತ್ತದೆ. ಆ ಗಮಕದುದ್ದಕ್ಕೂ ಎರಡು ತಂತಿಗಳು ಜೋಡೆತ್ತಿನಂತೆ ಹೆಜ್ಜೆ ಹಾಕಬೇಕು. ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಾದ ಅಲುಗುತ್ತದೆ. ಬಿರುಸಾದ ಸ್ವರಗುಚ್ಛಗಳಲ್ಲಿ ಅಂಚು ಕೊಂಚ ಮಸುಕಾಗುವ ಅಪಾಯವೂ ಇದೆ. ಏಳು ತಂತಿಯ ಬಗ್ಗೆ ಆಕ್ಷೇಪ ಎತ್ತುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ದಕ್ಕಿದ್ದೇನು? ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲಿನ ತೆಳು ದನಿಗೆ ಕೆಳಗಿನಿಂದ ಮೈ ತುಂಬುವ ಕೆಲಸ ಚೆಲ್ಲೊ ವಾದ್ಯದ್ದು. ಅಲ್ಲಿ ಅದಕ್ಕಾಗಿ ಬೇರೊಂದು ವಾದ್ಯ, ಬೇರೊಬ್ಬ ವಾದಕ. ನಮ್ಮ ಕಚೇರಿಯಲ್ಲಿ ಇರುವುದು ಒಂದೇ ಪಿಟೀಲು. ಆ ತುಂಬುತನವನ್ನು ಚೌಡಯ್ಯನವರು ಅದೇ ಸಣ್ಣ ಪೆಟ್ಟಿಗೆಯೊಳಗೆ ಹುಡುಕಿದರು. ಚೆಂಬೈಯವರೊಂದಿಗಿನ ಧ್ವನಿಮುದ್ರಿಕೆಗಳನ್ನು ಕೇಳಿದರೆ ಇದು ಗೊತ್ತಾಗುತ್ತದೆ. ಪಿಟೀಲು ಅಲ್ಲಿ ಗಾಯನದ ನೆರಳಲ್ಲ, ಎರಡನೆಯ ಕಂಠ. ದೊಡ್ಡ ದನಿಯ ಎದುರು ಕಿರುಚದೆ, ಅದೇ ತೂಕದಲ್ಲಿ ಉತ್ತರಿಸುವ ಕಂಠ. ಸದ್ದು ಹೆಚ್ಚಾಗಿದ್ದು ನಿಜ. ಅದರ ಜೊತೆಗೆ ಪಕ್ಕದಲ್ಲಿ ಕೂತವನ ಸ್ಥಾನವೂ ಹೆಚ್ಚಿತು ಎಂಬುದು ನಾವು ಹೇಳದೆ ಬಿಡುವ ಇನ್ನರ್ಧ. ಮೈಸೂರಿನ ಆಸ್ಥಾನ ವಿದ್ವಾಂಸರಾದ ಅವರಿಗೆ 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಸಂದಿತು. ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದ ಅವರು ತೀರಿಕೊಂಡದ್ದು 1967ರಲ್ಲಿ.

ಅಷ್ಟರಲ್ಲಿ ಮೈಕು ಎಲ್ಲೆಡೆ ಬಂದಿತ್ತು. ಶಿಷ್ಯರ ಸಾಲಿನಲ್ಲಿ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಯ ದಾರಿಯನ್ನು ಮುಂದುವರಿಸಿದರು. ಆಮೇಲೆ ಅದು ಕಿರಿದಾಗುತ್ತ ಹೋಯಿತು. ಹಾಗಾದರೆ ಅದೊಂದು ಕಾಲದ ಉಪಾಯವಷ್ಟೇ, ಮೈಕು ಬಂದ ಮೇಲೆ ಅಪ್ರಸ್ತುತ ಎನ್ನಬಹುದೇ? ನನಗೆ ಹಾಗನ್ನಿಸುವುದಿಲ್ಲ. ಮೈಕು ಸದ್ದನ್ನು ದೊಡ್ಡದು ಮಾಡುತ್ತದೆ, ನಾದದ ಗುಣವನ್ನು ಹುಟ್ಟಿಸುವುದಿಲ್ಲ. ತೆಳುವಾದದ್ದು ಮೈಕಿನಲ್ಲಿ ಜೋರಾದ ತೆಳುವೇ. ಇಂದು ಗಾಯಕರ ಮೈಕಿಗೆ ಒಂದು ಅಳತೆ, ಪಿಟೀಲಿಗೆ ಇನ್ನೊಂದು. ಆ ಸಂವಾದ ಎಷ್ಟು ಕೇಳಿಸಬೇಕೆಂದು ನಿರ್ಧರಿಸುವವರು ಮೂಲೆಯಲ್ಲಿ ಗುಂಡಿ ತಿರುಗಿಸುತ್ತ ಕೂತಿರುತ್ತಾರೆ. ಚೌಡಯ್ಯನವರು ಆ ನಿರ್ಧಾರವನ್ನು ತಮ್ಮ ಬೆರಳಿನಲ್ಲೇ ಇಟ್ಟುಕೊಂಡಿದ್ದರು.

ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ತಂತಿ, ಕುದುರೆ, ಬಿರಡೆ ಎಲ್ಲವೂ ಗೋಡೆಯ ಮೇಲಿವೆ. ನೋಡಲು ಚೆಂದ. ಆದರೆ ಆ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡ ನಮ್ಮಲ್ಲಿ ಎಷ್ಟು ಜನ ಆ ಮನುಷ್ಯ ನುಡಿಸಿದ ಒಂದು ರಾಗವನ್ನಾದರೂ ಪೂರ್ತಿ ಕೇಳಿದ್ದೇವೆ? ಆಕಾರವನ್ನು ಉಳಿಸಿಕೊಂಡು ನಾದವನ್ನು ಮರೆಯುವುದು ಸುಲಭ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಸಲಹೆ. ಹಳೆಯ ಧ್ವನಿಮುದ್ರಿಕೆಯ ಗೊರಗೊರ ಸದ್ದಿಗೆ ಹೆದರದೆ ಚೆಂಬೈ–ಚೌಡಯ್ಯ ಜೋಡಿಯ ಒಂದು ಆಲಾಪನೆಯನ್ನು ಎರಡು ಸಲ ಕೇಳಿ. ಮೊದಲ ಸಲ ಗಾಯನಕ್ಕೆ ಕಿವಿ ಕೊಡಿ. ಎರಡನೆಯ ಸಲ, ಗಾಯಕರು ಸಾಲು ಮುಗಿಸಿ ಸುಮ್ಮನಾಗುವ ಕ್ಷಣಕ್ಕೆ ಕಾದು, ಅಲ್ಲಿಂದ ಪಿಟೀಲನ್ನಷ್ಟೇ ಹಿಂಬಾಲಿಸಿ. ಅದನ್ನು ಕೇಳಿದ ಮೇಲೂ ‘ಪಿಟೀಲು ಕುಯ್ಯಬೇಡ’ ಎಂಬ ಮಾತು ನಿಮ್ಮ ಬಾಯಲ್ಲಿ ಮೊದಲಿನಷ್ಟೇ ಸಲೀಸಾಗಿ ಬರುತ್ತದೆಯೇ, ನೋಡಿಕೊಳ್ಳಿ.