ಕಿವಿಗೆ ಬಿದ್ದ ಬದುಕು

ಕಥೆ ಬರೆಯಬೇಕೆಂಬ ಆಸೆ ನಮ್ಮ ಊರುಗಳ ಎಷ್ಟೋ ಹೆಂಗಸರ ಮನಸ್ಸಿನಲ್ಲಿದೆ. ಕೇಳಿದರೆ ಮಾತ್ರ, "ನಮ್ಮ ಬದುಕಿನಲ್ಲಿ ಬರೆಯುವಂಥದ್ದು ಏನಿದೆ ಬಿಡಿ" ಎಂದುಬಿಡುತ್ತಾರೆ. ಸ್ಫೂರ್ತಿಯೆಂಬುದು ಹಿಮಾಲಯದಲ್ಲೋ, ಕಡಲ ತೀರದಲ್ಲೋ, ಬಹಳ ಓದಿದವರ ಮನೆಯ ಕಪಾಟಿನಲ್ಲೋ ಇರುತ್ತದೆಂಬ ಭಾವನೆ. ಇಂಥವರ ಮುಂದೆ ನಾನು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಇಡುತ್ತೇನೆ.

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರ ಶಾಲೆಯ ಓದು ಏಳು ವರ್ಷಕ್ಕೇ ಮುಗಿಯಿತು. ಹನ್ನೆರಡನೆಯ ವಯಸ್ಸಿಗೆ ಮದುವೆ. ಕಾದಂಬರಿ ಬರೆಯಲು ಕೈಹಾಕಿದ್ದು ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂತು, 'ಫಣಿಯಮ್ಮ' 1976ರಲ್ಲಿ. ಈ ಎರಡನೆಯದಕ್ಕೆ ಮೂಲ ಯಾವ ಗ್ರಂಥವೂ ಅಲ್ಲ. ಬಾಲವಿಧವೆಯೊಬ್ಬರು ಇಂದಿರಾ ಅವರ ತಾಯಿಯ ಬಳಿ ಹೇಳಿಕೊಂಡ ತಮ್ಮ ಬದುಕು. ಅದು ಮಗಳ ಕಿವಿಗೆ ಬಿತ್ತು, ಅಲ್ಲೇ ಉಳಿಯಿತು.

ಹಾಗಾದರೆ ಕೇಳಿದ್ದನ್ನು ಹಾಗೆಯೇ ಬರೆದರೆ ಸಾಕೆ? ಸಾಲದು. ಹಾವು ಕಚ್ಚಿ ಸತ್ತ ಹುಡುಗ ಗಂಡ, ಬೋಳಿಸಿದ ತಲೆ, ಮಡಿ, ಒಪ್ಪೊತ್ತಿನ ಊಟ, ಇವೆಲ್ಲ ಅಂದಿನ ಎಷ್ಟು ಮನೆಗಳಲ್ಲಿರಲಿಲ್ಲ! ಲೇಖಕಿ ಇವನ್ನು ಹೇಳುವಾಗ ಗೋಳಾಡುವುದಿಲ್ಲ. ಮನೆಯ ಕೆಲಸ, ಹೆರಿಗೆ, ಬಾಣಂತನ, ಜನರ ನಾಲಿಗೆಯ ಹರಿತ, ಎಲ್ಲವನ್ನೂ ಲೆಕ್ಕ ಒಪ್ಪಿಸುವ ಹಾಗೆ ಇಡುತ್ತಾರೆ. ಕೊನೆಗೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ, ಬದುಕಿಡೀ ಕಟ್ಟಳೆ ಪಾಲಿಸಿದ ಮುದುಕಿಯೇ ಅವಳ ಪರ ನಿಲ್ಲುತ್ತಾಳೆ. ಕೇಳಿದ ಸುದ್ದಿ ಕಾದಂಬರಿಯಾಗುವುದು ಇಲ್ಲಿ. ಫಣಿಯಮ್ಮ ಕೆಲವು ಕಡೆ ತೀರ ಸಾಧ್ವಿಯಾಗಿಬಿಡುತ್ತಾಳೆ, ಅವಳಿಗೊಂದಿಷ್ಟು ಸಿಟ್ಟು ಬಂದಿದ್ದರೆ ಚೆನ್ನಿತ್ತು ಎಂದು ನನಗನ್ನಿಸುವುದುಂಟು. ಆದರೂ ಹೆಂಗಸರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಎಂದು ಹಗುರಾಗಿ ಆಡುವವರು ಈ ಪುಸ್ತಕವನ್ನೊಮ್ಮೆ ಓದಬೇಕು. ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ಚಿತ್ರವನ್ನು ನೋಡಿದವರೂ ಓದಬೇಕು.

ಇನ್ನೊಂದು ದಾರಿ ತ್ರಿವೇಣಿ ಅವರದು. ಬದುಕಿದ್ದು 1928ರಿಂದ 1963ರವರೆಗೆ ಮಾತ್ರ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. ಬಾಣಂತಿಯ ಮನಸ್ಸು ಕದಡುವುದನ್ನು ಹಳ್ಳಿಯವರು ಗಾಳಿಸೋಕು ಎನ್ನುತ್ತಿದ್ದ ಕಾಲದಲ್ಲಿ, 'ಶರಪಂಜರ'ದಲ್ಲಿ ಅವರು ಅದನ್ನು ಕಾಯಿಲೆಯೆಂದೇ ಕಂಡರು. ಕಾವೇರಿ ಗುಣವಾಗಿ ಮನೆಗೆ ಬಂದರೂ ಅವಳನ್ನು ನೋಡುವ ಕಣ್ಣುಗಳು ಗುಣವಾಗಿರಲಿಲ್ಲ. ಕಾಲೇಜಿನ ಓದಿಲ್ಲದೆ ಈ ಕಾದಂಬರಿ ಇಷ್ಟು ಖಚಿತವಾಗುತ್ತಿರಲಿಲ್ಲ. ಬರಿಯ ಓದಿನಿಂದ ಇಷ್ಟು ಮರುಕ ಬರುತ್ತಿರಲಿಲ್ಲ.

ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಓದು. ಎರಡೂ ನಮ್ಮ ಕೈಗೆ ಎಟುಕುವಂಥವೇ. ಊರಿನ ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟು ಇದೆಯೇ ಎಂದು ವಿಚಾರಿಸಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅದರಲ್ಲಿ ಪದಗಳ ಜೊತೆಗೆ ಗಾದೆಗಳೂ ತುಂಬಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳಲ್ಲಿದೆ. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಹೊರಬಂತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದು ಪುಟ ತಿರುವಿದರೂ ಅಜ್ಜಿ ಬಳಸುತ್ತಿದ್ದ ಮಾತೊಂದು ಥಟ್ಟನೆ ಎದುರಾಗುತ್ತದೆ. ಆ ಮಾತಿನ ಹಿಂದೆ ಆ ಅಡುಗೆಮನೆ, ಆ ಹೊಗೆ, ಆ ಜಗಳ ಎಲ್ಲವೂ ಬರುತ್ತವೆ.

ಆದರೆ ಪುಸ್ತಕ ನಾಳೆಯೂ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ. ಮದುವೆಯ ದಿನ ಏನನ್ನಿಸಿತ್ತು, ಯಾವ ಮಗು ಉಳಿಯಲಿಲ್ಲ, ಯಾರ ಮೇಲೆ ಇನ್ನೂ ಸಿಟ್ಟಿದೆ ಎಂದು ಕೇಳಿ. ಮೊದಲು "ಅದೆಲ್ಲ ಯಾಕೆ ಈಗ" ಎನ್ನುತ್ತಾರೆ. ಎದ್ದುಹೋಗಬೇಡಿ. ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕು ಜನರ ಮುಂದೆ ಬೇಡವೆಂದದ್ದನ್ನು ಹೆಸರು ಬದಲಿಸಿಯೂ ಬರೆಯಬೇಡಿ. ಆ ಮರ್ಯಾದೆಯೂ ಬರವಣಿಗೆಯ ಒಂದು ಭಾಗವೇ. ಅದು ಕಾದಂಬರಿಯಾಗುತ್ತದೋ ಇಲ್ಲವೋ ಆಮೇಲಿನ ಮಾತು. ಅವರನ್ನು ಕೇಳಿದವರು ಒಬ್ಬರಾದರೂ ಇದ್ದರು ಎಂದಾಗಲಿ.