ಬಿಳಿ ಮೊಲ, ಬಿಳಿ ಗೂಡು ಮತ್ತು ನಮ್ಮ ತಳಿವಿಜ್ಞಾನದ ಪಾಠ

ಪದವಿ ತರಗತಿಯ ತಳಿವಿಜ್ಞಾನದ ಪುಸ್ತಕಗಳಲ್ಲಿ ಒಂದೇ ವಂಶವಾಹಿಯ ಹಲವು ರೂಪಗಳ ವಿಷಯ ಬಂತೆಂದರೆ ಮೊಲವೂ ಬಂದಂತೆಯೇ. ನಾಲ್ಕು ಮೊಲಗಳ ಚಿತ್ರವಿರುತ್ತದೆ: ಪೂರ್ಣ ಬಣ್ಣದ್ದು, ಬೂದು ಛಾಯೆಯ ಚಿಂಚಿಲ್ಲಾ, ಕಿವಿ ಮೂಗು ಪಾದ ಬಾಲ ಮಾತ್ರ ಕಪ್ಪಾಗಿರುವ ಹಿಮಾಲಯನ್, ಕೆಂಪು ಕಣ್ಣಿನ ಅಚ್ಚಬಿಳಿ. ಇವುಗಳಲ್ಲಿ ಯಾವುದು ಯಾವುದರ ಮೇಲೆ ಪ್ರಬಲ ಎಂದು ಚಿತ್ರದ ಕೆಳಗೆ ಒಂದು ಸಾಲು. ವಿದ್ಯಾರ್ಥಿ ಆ ಸಾಲನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾನೆ. ನಾನು ಭೌತವಿಜ್ಞಾನದವನು, ಈ ಪುಸ್ತಕಗಳನ್ನು ಹೊರಗಿನವನಾಗಿ ಓದುವವನು. ನನ್ನ ಆಕ್ಷೇಪ ಇಷ್ಟೆ: ಪಾಠ ಬಣ್ಣಗಳನ್ನು ಹೆಸರಿಸುತ್ತದೆ, ಬಣ್ಣ ಹೇಗೆ ಉಂಟಾಯಿತೆಂದು ಹೇಳುವುದಿಲ್ಲ. (ನಂದಿಬೆಟ್ಟದ ತಪ್ಪಲಿನ ಹುಡುಗನಿಗೆ ಮೊಲವೆಂದರೆ ಹೊಲದಲ್ಲಿ ಓಡುವ ಕಾಡುಮೊಲ. ಅದರ ವರ್ಣತಂತುಗಳು 48, ಪುಸ್ತಕದ ಸಾಕುಮೊಲದವು 44. ಎರಡೂ ಬೇರೆ ಬೇರೆ ಪ್ರಾಣಿಗಳು. ಅದನ್ನೂ ಪಾಠ ಹೇಳುವುದಿಲ್ಲ.)

ಹಿಮಾಲಯನ್ ಮೊಲವನ್ನೇ ನೋಡಿ. ಕೂದಲಿನ ಕಪ್ಪು ಬಣ್ಣ ಮೆಲನಿನ್. ಅದನ್ನು ತಯಾರಿಸಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಚಿತ್ರದ ನಾಲ್ಕೂ ಮೊಲಗಳಲ್ಲಿ ವ್ಯತ್ಯಾಸ ಇರುವುದು ಈ ಒಂದು ಕಿಣ್ವದ ವಂಶವಾಹಿಯಲ್ಲಿ. ಹಿಮಾಲಯನ್ ಮೊಲದ ಕಿಣ್ವ ದೇಹದ ಬಿಸಿಯಲ್ಲಿ, ಅಂದರೆ ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲಸ ಮಾಡುವುದಿಲ್ಲ. ತಣ್ಣಗಿರುವ ಕಿವಿ, ಮೂಗು, ಪಾದಗಳಲ್ಲಿ ಮಾಡುತ್ತದೆ. ಬೆನ್ನಿನ ಬಿಳಿ ಕೂದಲನ್ನು ಬೋಳಿಸಿ ಅಲ್ಲಿ ಮಂಜುಗಡ್ಡೆಯ ಚೀಲ ಕಟ್ಟಿದರೆ ಹೊಸ ಕೂದಲು ಕಪ್ಪಾಗಿ ಬೆಳೆಯುತ್ತದೆ. ವಂಶವಾಹಿ ಬದಲಾಗಿಲ್ಲ, ಉಷ್ಣತೆ ಬದಲಾಗಿದೆ. ಈ ಪ್ರಯೋಗ ಕೆಲವು ಪುಸ್ತಕಗಳಲ್ಲಿ ಇದೆ, ಆದರೆ ಪರಿಸರದ ಪ್ರಭಾವ ಎಂಬ ಬೇರೊಂದು ಅಧ್ಯಾಯದಲ್ಲಿ. ಎರಡು ಕಡೆಯೂ ಇರುವುದು ಒಂದೇ ಮೊಲ ಎಂದು ವಿದ್ಯಾರ್ಥಿಗೆ ಹೊಳೆಯುವುದೇ ಇಲ್ಲ.

ಇನ್ನೊಂದು ಬಗೆಯ ಬಿಳಿ ಮೊಲವೂ ಉಂಟು. ನಮ್ಮಲ್ಲಿ ಸಾಕುವ ನ್ಯೂಜಿಲೆಂಡ್ ವೈಟ್ ಮೊಲದ ಕಣ್ಣು ಕೆಂಪು. ಅಲ್ಲಿ ಟೈರೋಸಿನೇಸ್ ಕೆಟ್ಟಿದೆ. ವಿಯೆನ್ನಾ ಬಿಳಿ ತಳಿಯ ಕಣ್ಣು ನೀಲಿ. ಅಲ್ಲಿ ಟೈರೋಸಿನೇಸ್ ಸರಿಯಾಗಿಯೇ ಇದೆ, ಕೂದಲಿಗೆ ಬಣ್ಣ ತುಂಬಬೇಕಾದ ಜೀವಕೋಶಗಳೇ ಅಲ್ಲಿಗೆ ತಲುಪಿಲ್ಲ. (ಆ ನೀಲಿ ಯಾವ ಬಣ್ಣದ್ರವ್ಯವೂ ಅಲ್ಲ, ಆಕಾಶದ ನೀಲಿಯ ಹಾಗೆ ಬೆಳಕಿನ ಚದರಿಕೆ. ಕೆಂಪು, ರಕ್ತನಾಳಗಳದ್ದು.) ಈಗ ಈ ಎರಡು ಶುದ್ಧ ಬಿಳಿ ತಳಿಗಳನ್ನು ಕೂಡಿಸಿ. ಹುಟ್ಟುವ ಮರಿಗಳು ಬಣ್ಣದವು, ಕೆಲವಕ್ಕೆ ಬಿಳಿ ಮಚ್ಚೆ ಇರಬಹುದು ಅಷ್ಟೆ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ಕೊಟ್ಟಿದೆ. ಬಿಳಿಗೆ ಬಿಳಿ ಸೇರಿದರೆ ಬಿಳಿ ಎಂದು ಚೌಕಳಿಯಿಂದ ಕಲಿತವನಿಗೆ ಇದು ಮಾಟದಂತೆ ಕಾಣುತ್ತದೆ. ಬಣ್ಣವೆಂದರೆ ಒಂದರ ನಂತರ ಒಂದು ನಡೆಯುವ ಕೆಲಸಗಳ ಸರಪಣಿಯ ಕೊನೆ ಎಂದು ಕಲಿತವನಿಗೆ ಇದರಲ್ಲಿ ಅಚ್ಚರಿಯಿಲ್ಲ.

ಇದನ್ನು ತೋರಿಸಲು ಚಿಕ್ಕಬಳ್ಳಾಪುರ ಜಿಲ್ಲೆಯ ಅಧ್ಯಾಪಕರಿಗೆ ಮೊಲದ ಅಗತ್ಯವೇ ಇಲ್ಲ. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಅದೇ ಸರಪಣಿ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಮೈಸೂರು ತಳಿಯ ಹುಳುವಿನ ಗೂಡು ಹಸಿರು ಬೆರೆತ ಹಳದಿ. ಸಿಎಸ್‌ಆರ್-2ರಂಥ ದ್ವಿತಳಿಯ ಗೂಡು ಬಿಳಿ. ಎರಡರ ಮಿಶ್ರತಳಿ ಹಳದಿ. ಆ ಹಳದಿಯನ್ನು ಹುಳು ತಯಾರಿಸುವುದಿಲ್ಲ. ಅದು ಹಿಪ್ಪುನೇರಳೆ ಸೊಪ್ಪಿನ ಕ್ಯಾರೊಟಿನಾಯ್ಡ್. ಸೊಪ್ಪಿನಿಂದ ಕರುಳಿಗೆ, ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಅದು ಸಾಗಬೇಕು. ಅದನ್ನು ಹೊತ್ತೊಯ್ಯುವ ಪ್ರೋಟೀನಿಗೆ 'ವೈ' ಎಂಬ ವಂಶವಾಹಿ ಕಾರಣವೆಂದು ಜಪಾನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ರಕ್ತದಿಂದ ಗ್ರಂಥಿಯೊಳಗೆ ಬಿಟ್ಟುಕೊಳ್ಳುವ ಬಾಗಿಲಿಗೆ ಕಾರಣವಾದ 'ಸಿ' ವಂಶವಾಹಿಯ ವಿವರ 2010ರಲ್ಲಿ ಬಂತು. 'ವೈ' ಕೆಟ್ಟಿದ್ದರೆ ರಕ್ತವೂ ಬಿಳಿ, ಗೂಡೂ ಬಿಳಿ. 'ಸಿ' ಮಾತ್ರ ಕೆಟ್ಟಿದ್ದರೆ ರಕ್ತ ಹಳದಿ, ಗೂಡು ಬಿಳಿ! ಇಲ್ಲಿಯೂ ಎರಡು ಬಗೆಯ ಬಿಳಿ, ಎರಡನ್ನೂ ಕೂಡಿಸಿದರೆ ಹಳದಿ.

ಮೆಂಡೆಲನ ಬರಹ 1900ರಲ್ಲಿ ಮತ್ತೆ ಬೆಳಕಿಗೆ ಬಂದ ಕೆಲವೇ ವರ್ಷಗಳಲ್ಲಿ ಜಪಾನಿನ ಟೊಯಾಮ ಕಮೆತಾರೊ, ಸಯಾಮಿನ ಹಳದಿ ಗೂಡಿನ ಹುಳುಗಳನ್ನೂ ಜಪಾನಿನ ಬಿಳಿ ಗೂಡಿನ ಹುಳುಗಳನ್ನೂ ಕೂಡಿಸಿ ಮೆಂಡೆಲನ ನಿಯಮ ಕೀಟಕ್ಕೂ ಸಲ್ಲುತ್ತದೆಂದು ಕಂಡ. ಅದು ಪ್ರಕಟವಾದದ್ದು 1906ರಲ್ಲಿ. ಮೊದಲ ಪೀಳಿಗೆಯ ಮಿಶ್ರತಳಿಯನ್ನೇ ರೈತರಿಗೆ ಕೊಡಬೇಕೆಂದು ವಾದಿಸಿದವನೂ ಅವನೇ. ಶಿಡ್ಲಘಟ್ಟದ ರೈತ ಪ್ರತಿ ಬೆಳೆಗೂ ಹೊಸದಾಗಿ ಮೊಟ್ಟೆಯನ್ನೋ ಚಾಕಿ ಹುಳುವನ್ನೋ ತರುತ್ತಾನೆ, ತನ್ನ ಬೆಳೆಯ ಚಿಟ್ಟೆಗಳಿಂದ ಮೊಟ್ಟೆ ಇಡಿಸಿಕೊಳ್ಳುವುದಿಲ್ಲ. ಏಕೆ? ಎರಡನೆಯ ಪೀಳಿಗೆಯಲ್ಲಿ ಗುಣಗಳು ಬೇರ್ಪಟ್ಟು ಗೂಡು ಒಂದೊಂದು ಒಂದೊಂದು ಥರ ಆಗುತ್ತದೆ. ಹುಳು ಸಾಕುವ ಮನೆಯ ಮಗುವಿಗೆ ಈ ವಾಡಿಕೆ ಗೊತ್ತು. ಅದೇ ಮಗು ತರಗತಿಯಲ್ಲಿ ಬೇರ್ಪಡುವಿಕೆಯ ನಿಯಮ ತನಗೆ ತಿಳಿಯದೆಂದು ತಲೆ ತಗ್ಗಿಸಿ ಕೂರುತ್ತದೆ. ಗೌರಿಬಿದನೂರಿನ ರೇಡಿಯೋ ದೂರದರ್ಶಕ ತೋರಿಸಲು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವವರುಂಟು, ಒಳ್ಳೆಯದೇ. ಚಿಂತಾಮಣಿಯ ಹುಳುಮನೆಯೊಂದಕ್ಕೆ ತಳಿಪಾಠಕ್ಕೆಂದು ನಡೆಸಿಕೊಂಡು ಹೋದವರನ್ನು ನಾನು ಕಂಡಿಲ್ಲ.

ಎಣಿಕೆಯ ವಿಷಯದಲ್ಲಂತೂ ಮೊಲ ಹುಳುವಿಗೆ ಸಾಟಿಯಲ್ಲ. ಒಂದು ಹೆಣ್ಣು ಮೊಲ ಒಂದು ಸೂಲಿಗೆ 8 ಮರಿ ಹಾಕಿತೆನ್ನಿ. 3:1 ಅನುಪಾತವಾದರೆ ಬಣ್ಣದವು ಸರಾಸರಿ 6, ಎರಡು ವಂಶವಾಹಿಗಳು ಜೊತೆಗೂಡಿ ಬರುವ 9:7 ಆದರೆ 4.5. ಆದರೆ ಆಕಸ್ಮಿಕ ಏರಿಳಿತವೇ ಒಂದೂಕಾಲು ಮರಿಯಷ್ಟು! ಒಂದೂ ಬಿಳಿ ಮರಿ ಇಲ್ಲದಿರುವ ಸಂಭವ, 3:1ರಲ್ಲಿಯೂ, ನೂರಕ್ಕೆ 10. ಒಂದು ಸೂಲಿನಿಂದ ಯಾವ ತೀರ್ಮಾನವೂ ಸಾಧ್ಯವಿಲ್ಲ. ಒಂದು ರೇಷ್ಮೆ ಚಿಟ್ಟೆಯಾದರೋ 400-500 ಮೊಟ್ಟೆ ಇಡುತ್ತದೆ. 400 ಗೂಡು ಎಣಿಸಿದರೆ 3:1ಕ್ಕೆ ಹಳದಿ 300, 9:7ಕ್ಕೆ 225. ಏರಿಳಿತ 9 ಅಥವಾ 10. ಎರಡರ ಅಂತರ 75. ಕಣ್ಣು ಮುಚ್ಚಿ ಹೇಳಬಹುದು. ಅನುಪಾತವೆಂದರೆ ಸಂಭವನೀಯತೆ ಎಂಬ ಮಾತನ್ನು ನಮ್ಮ ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ನಾಲ್ಕು ಮನೆಯ ಚೌಕಳಿ ಕಂಡ ವಿದ್ಯಾರ್ಥಿ ನಾಲ್ಕು ಮರಿಗಳಲ್ಲಿ ಒಂದು ಬಿಳಿಯಾಗಲೇಬೇಕೆಂದು ನಂಬುತ್ತಾನೆ.

ಬಣ್ಣವನ್ನು ಗುಣವೆಂದು ತಿಳಿಯುವ ತಪ್ಪೂ ಇಲ್ಲಿಂದಲೇ ಹುಟ್ಟುತ್ತದೆ. ಬಿಳಿ ಗೂಡಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ, ನಿಜ. ದ್ವಿತಳಿ ಗೂಡಿನ ಎಳೆ 1000 ಮೀಟರ್ ಮೀರುತ್ತದೆ, ಮೈಸೂರು ತಳಿಯದು ಸುಮಾರು 400. ಬೆಲೆ ಎಳೆಗೆ, ಬಿಳುಪಿಗಲ್ಲ. ಹಳದಿ ಇರುವುದು ಎಳೆಯ ಹೊರಗಿನ ಸೆರಿಸಿನ್ ಎಂಬ ಅಂಟಿನಲ್ಲಿ. ಸಾಬೂನು ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಬಣ್ಣವೂ ಹೋಗುತ್ತದೆ. ಮೊಲ ಸಾಕುವವರಲ್ಲಿ ಇದೇ ತಪ್ಪು ಕ್ರೂರವಾಗುತ್ತದೆ. ಚುಕ್ಕೆಗಳ ಮೊಲ ಚೆಂದವೆಂದು ಚುಕ್ಕೆಯದಕ್ಕೆ ಚುಕ್ಕೆಯದನ್ನೇ ಕೂಡಿಸಿದರೆ ಸರಾಸರಿ ಕಾಲುಭಾಗ ಮರಿಗಳು ಬಹುಪಾಲು ಬಿಳಿಯಾಗಿ ಹುಟ್ಟುತ್ತವೆ. ಇಂಥವುಗಳಲ್ಲಿ ದೊಡ್ಡ ಕರುಳು ಊದಿಕೊಂಡು ನರಳುವ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒಂದೇ ವಂಶವಾಹಿ ಚುಕ್ಕೆಗೂ ಕರುಳಿಗೂ ಸಂಬಂಧಪಟ್ಟಿದೆ.

ಕನ್ನಡ ಪುಸ್ತಕಗಳಲ್ಲಿ ಕೆಲವು ಕಡೆ ಕಾಣುವ 'ದುರ್ಬಲ' ಎಂಬ ಪದದ ಬಗ್ಗೆಯೂ ಒಂದು ಮಾತು. ಬಿಳಿ ಗೂಡಿನ ವಂಶವಾಹಿ 'ದುರ್ಬಲ' ಎಂದರೆ ಹುಳು ಸೊರಗಿದೆ ಎಂದು ಮಗು ತಿಳಿಯುತ್ತದೆ. 'ಅಪ್ರಭಾವಿ' ಎನ್ನುವುದು ವಾಸಿ.

ಶಾಲೆಯಲ್ಲಿ ಇದನ್ನು ಮಾಡಿ ನೋಡಬಯಸುವ ಅಧ್ಯಾಪಕರಿಗೆ ಎರಡು ಎಚ್ಚರಿಕೆ. ಮೈಸೂರು ತಳಿ ಮತ್ತು ಸಿಎಸ್‌ಆರ್-2ರ ಮಿಶ್ರತಳಿಯ ಮುಂದಿನ ಪೀಳಿಗೆಯಲ್ಲಿ ಹಸಿರು ಛಾಯೆಯ ಬೇರೆ ವಂಶವಾಹಿಗಳೂ ಬೆರೆಯುವುದರಿಂದ ಲೆಕ್ಕ ಅಚ್ಚುಕಟ್ಟಾಗಿ ಬಾರದು. ಕೆಲವು ಮೊಟ್ಟೆ ಒಡೆಯದೆ ಸುಪ್ತಾವಸ್ಥೆಗೂ ಹೋಗಬಹುದು. ಬಂದ ಎಣಿಕೆಯನ್ನು ತಿದ್ದದೆ ಹಾಗೇ ಬರೆದಿಡಿ. ಎರಡನೆಯದು, ಹೀಗೆ ಪಡೆದ ಮೊಟ್ಟೆಗಳ ತಾಯಿಚಿಟ್ಟೆಗಳನ್ನು ಪೆಬ್ರಿನ್ ರೋಗಕ್ಕಾಗಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿರುವುದಿಲ್ಲ. ಆದ್ದರಿಂದ ಆ ಹುಳು, ಹಿಕ್ಕೆ, ಗೂಡು ಯಾವುದೂ ಶಾಲೆಯಿಂದ ಯಾವ ರೈತನ ಹುಳುಮನೆಗೂ ಹೋಗಕೂಡದು. ಎಣಿಕೆ ಮುಗಿದ ದಿನವೇ ಸುಟ್ಟುಬಿಡಿ.