ನಾಲ್ಕನೇ ವರ್ಷದ ಆನರ್ಸ್: ನಾಗನೂರ ಸೀಮೆಯಿಂದ ಒಂದು ವಿಮರ್ಶೆ

ಕರ್ನಾಟಕದ ನಾಲ್ಕು ವರ್ಷದ ಆನರ್ಸ್ ಪದವಿ 2021-22ರಲ್ಲಿ ಆರಂಭವಾಯಿತು. ಮೂರು ತಂಡಗಳು ಸೇರುವಷ್ಟರಲ್ಲಿ ನಿಂತೂ ಹೋಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತರುವ ಆತುರದಲ್ಲಿ ಸರ್ಕಾರ 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ ಅದೇ ವರ್ಷ ತರಗತಿ ಶುರು ಮಾಡಿಸಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಬಂದ ಆದೇಶ ಮೂರು ವರ್ಷದ ಪದವಿಯನ್ನು ಮರಳಿ ತಂದಿತು. ನಡುವೆ ಸೇರಿದವರಿಗೆ ಮಾತ್ರ ನಾಲ್ಕನೇ ವರ್ಷ ಇಷ್ಟವಿದ್ದರೆ ಓದಬಹುದಾದ ವರ್ಷವಾಗಿ ಉಳಿಯಿತು.

ಆನರ್ಸ್ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಕಾಲದ ಆನರ್ಸ್ ಎಂದರೆ ಒಂದೇ ವಿಷಯವನ್ನು ಪಟ್ಟು ಹಿಡಿದು ಓದುವುದು. 2021ರ ಆನರ್ಸ್ ಇದಕ್ಕೆ ತಿರುವುಮುರುವು: ಮೊದಲೆರಡು ವರ್ಷ ಹತ್ತಾರು ಕಡೆ ಹರಡಿಕೊಂಡು, ಕೊನೆಯಲ್ಲಿ ಒಂದಕ್ಕೆ ನಿಲ್ಲುವುದು. ವಿದ್ಯಾರ್ಥಿ ಮೊದಲ ವರ್ಷ ಮುಗಿಸಿ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಹಿಂದೆ ಬಿ.ಎ.ಗೆ ಮೂರು ಐಚ್ಛಿಕ ವಿಷಯಗಳಿದ್ದವು. ಹೊಸ ವ್ಯವಸ್ಥೆಯಲ್ಲಿ ಅವು ಎರಡಾದವು. ತೆರವಾದ ಜಾಗಕ್ಕೆ ಮುಕ್ತ ಆಯ್ಕೆಯ ಪತ್ರಿಕೆ, ಡಿಜಿಟಲ್ ಕೌಶಲ, ಯೋಗ, ಆರೋಗ್ಯ, ಭಾರತದ ಸಂವಿಧಾನ ಮೊದಲಾದವು ಬಂದವು. ಎರಡು ಭಾಷೆಗಳು ನಾಲ್ಕು ಸೆಮಿಸ್ಟರ್‌ವರೆಗೆ ಮುಂದುವರಿದವು. ಅವುಗಳಲ್ಲಿ ಒಂದು ಕನ್ನಡವೇ ಆಗಿರಬೇಕೆಂಬ ನಿಯಮ ಹೈಕೋರ್ಟ್ ಮೆಟ್ಟಿಲೇರಿತು.

ಬೆಳಗಾವಿ ಜಿಲ್ಲೆಯ ನಾಗನೂರದಂಥ ಊರಿನ ಹುಡುಗ ಹುಡುಗಿಯರು ಓದುವುದು ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಪದವಿ ಕಾಲೇಜುಗಳಲ್ಲಿ. ಇವು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಆಯ್ಕೆಯ ಸ್ವಾತಂತ್ರ್ಯ ಎಂಬ ಮಾತು ಇಲ್ಲಿಗೆ ಬಂದಾಗ ಕಿರಿದಾಗುತ್ತದೆ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಮುಕ್ತ ಆಯ್ಕೆಯ ಪತ್ರಿಕೆಗಳು ಎಷ್ಟೇ ಇರಲಿ, ಕಾಲೇಜು ತೆರೆಯುವುದು ತನ್ನಲ್ಲಿರುವ ಅಧ್ಯಾಪಕರು ಕಲಿಸಬಲ್ಲವುಗಳನ್ನು ಮಾತ್ರ. ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ವಿಭಾಗದಲ್ಲಿ ಆ ವರ್ಷ ಯಾರು ಬಂದರು ಎಂಬುದರ ಮೇಲೆ ವಿದ್ಯಾರ್ಥಿಯ ‘ಆಯ್ಕೆ’ ತೀರ್ಮಾನವಾಗುತ್ತದೆ. ಕಂಪ್ಯೂಟರುಗಳೇ ಸಾಲದ ಕಾಲೇಜಿನಲ್ಲಿ ಡಿಜಿಟಲ್ ಕೌಶಲ ಬರಿಯ ನೋಟ್ಸ್ ಆಗಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮೊದಲೆರಡು ವರ್ಷಗಳ ದೋಷ ಇದೇ: ಒಂದೆರಡು ಕ್ರೆಡಿಟ್‌ನ ಸಣ್ಣ ಪತ್ರಿಕೆಗಳು ವೇಳಾಪಟ್ಟಿಯನ್ನು ಚೂರುಚೂರು ಮಾಡಿದವು, ಮೂಲ ವಿಷಯಕ್ಕೆ ಸಿಗಬೇಕಾದ ಗಂಟೆಗಳನ್ನು ತಿಂದವು. ಅರವತ್ತು ಅಂಕ ಪರೀಕ್ಷೆಗೆ, ನಲವತ್ತು ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂಬ ಹಂಚಿಕೆಯ ಉದ್ದೇಶ ಒಳ್ಳೆಯದೇ. ಆದರೆ ಇಷ್ಟೊಂದು ಪತ್ರಿಕೆಗಳಿಗೆ ಟೆಸ್ಟು, ಅಸೈನ್‌ಮೆಂಟು, ಸೆಮಿನಾರು ನಡೆಸಿ ನಿಜವಾಗಿ ಅಳೆಯಲು ಅಧ್ಯಾಪಕನಿಗೆ ಪುರಸೊತ್ತೆಲ್ಲಿ?

2024ರ ಆದೇಶದಿಂದ ಮೂರು ಐಚ್ಛಿಕಗಳು ಮರಳಿ ಬಂದಾಗ ಅಧ್ಯಾಪಕರಲ್ಲಿ ಹಲವರು ಸಮಾಧಾನಪಟ್ಟದ್ದಕ್ಕೆ ಕಾರಣ ಶೈಕ್ಷಣಿಕ ಮಾತ್ರವಲ್ಲ. ವಿಷಯ ಕಡಿಮೆಯಾದರೆ ಕಾರ್ಯಭಾರವೂ ಕಡಿಮೆ, ಕಾರ್ಯಭಾರ ಇಳಿದರೆ ಅತಿಥಿ ಉಪನ್ಯಾಸಕನ ನೌಕರಿಗೇ ಸಂಚಕಾರ. ಪಠ್ಯಕ್ರಮದ ಚರ್ಚೆಯಲ್ಲಿ ಈ ಸಂಗತಿಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ನಾಲ್ಕನೇ ವರ್ಷದ ಮಾತು ಬೇರೆ. ಇಡೀ ಯೋಜನೆಯಲ್ಲಿ ಗಟ್ಟಿ ಕಾಳು ಇರುವುದು ಇಲ್ಲಿಯೇ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120, ಆನರ್ಸ್‌ಗೆ 160 ಕ್ರೆಡಿಟ್ ಬೇಕು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಪಡೆದವರು ಸಂಶೋಧನೆಯೊಂದಿಗೆ ಆನರ್ಸ್ ಮಾಡಬಹುದು. ಅದಕ್ಕೆ 12 ಕ್ರೆಡಿಟ್‌ನ ಪ್ರಬಂಧವಿದೆ. ಉಳಿದವರು ಪ್ರಬಂಧದ ಬದಲು ಅಷ್ಟೇ ಕ್ರೆಡಿಟ್‌ನ ಮೂರು ಪತ್ರಿಕೆ ಓದುತ್ತಾರೆ. ನಾಲ್ಕು ವರ್ಷ ಮುಗಿಸಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿಯ ದಾರಿಯಿದೆ, ಶೇ. 75 ಇದ್ದವರಿಗೆ ನೇರವಾಗಿ ಪಿಎಚ್.ಡಿ. ಪ್ರವೇಶದ ಅರ್ಹತೆಯೂ ಇದೆ.

ಆದರೆ ಸಂಶೋಧನಾ ಆನರ್ಸ್ ನಡೆಸುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರಾಗಿ ಮಾನ್ಯತೆ ಪಡೆದ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರು ಇರಬೇಕು. ನಿಯಮ ಸರಿಯಾದದ್ದೇ, ಸಂಶೋಧನೆ ಮಾಡದವರು ಸಂಶೋಧನೆ ಕಲಿಸಲಾರರು. ಪರಿಣಾಮ ಮಾತ್ರ, ತಾಲ್ಲೂಕಿನ ಸಾಮಾನ್ಯ ಕಾಲೇಜು ಬಾಗಿಲಲ್ಲೇ ಉಳಿಯುವುದು. ಅಲ್ಲಿಯ ವಿದ್ಯಾರ್ಥಿ ಬೆಳಗಾವಿಗೆ ಹೋಗಿ ಹಾಸ್ಟೆಲ್ ಹಿಡಿಯಬೇಕು. ಬಿ.ಇಡಿ.ಗೆ, ಪಿಎಸ್‌ಐ, ಪಿಡಿಒ ಪರೀಕ್ಷೆಗಳಿಗೆ ಮೂರು ವರ್ಷದ ಪದವಿ ಸಾಕಾಗಿರುವಾಗ, ಕಬ್ಬಿನ ಬಿಲ್ಲು ಬಂದ ಮೇಲೆ ಫೀ ಕಟ್ಟುವ ಮನೆ ಇನ್ನೊಂದು ವರ್ಷದ ಖರ್ಚಿಗೆ ಹಿಂದೆಮುಂದೆ ನೋಡುವುದು ಲೆಕ್ಕಾಚಾರದ ಮಾತು, ಓದಿನ ಉದಾಸೀನವಲ್ಲ. ರಾಜ್ಯದಲ್ಲಿ ನಾಲ್ಕನೇ ವರ್ಷಕ್ಕೆ ನಿಂತವರು ವಿರಳವಾದದ್ದಕ್ಕೆ ಇದೂ ಒಂದು ಕಾರಣ.

ವಿಪರ್ಯಾಸವೆಂದರೆ, ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ತುಂಬಿದೆ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕುಲಗೋಡ ತಮ್ಮಣ್ಣನ ಊರು ಹಿಂದಿನ ಗೋಕಾಕ ತಾಲ್ಲೂಕಿನದೇ. ಬಯಲಾಟದ ಹಾಡುಗಾರಿಕೆಯನ್ನು ದಾಖಲಿಸಲು ಕನ್ನಡ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಕವಿ ಆನಂದಕಂದರ ಹುಟ್ಟೂರು ಬೆಟಗೇರಿಯೂ ಇಲ್ಲಿಯೇ. ಇತಿಹಾಸದವರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಆರಂಭವಾದ ಗೋಕಾಕ ಫಾಲ್ಸ್‌ನ ಗಿರಣಿ, ಭೂಗೋಳದವರಿಗೆ ಹಿಡಕಲ್ ಜಲಾಶಯ ಮತ್ತು 2019ರ ಘಟಪ್ರಭಾ ಪ್ರವಾಹ, ಅರ್ಥಶಾಸ್ತ್ರದವರಿಗೆ ಕಬ್ಬು ಕಟಾವಿನ ಕೂಲಿ. ಹನ್ನೆರಡು ಕ್ರೆಡಿಟ್‌ನ ಕ್ಷೇತ್ರಕಾರ್ಯ ನಾಗನೂರದಲ್ಲಿ ಕುಳಿತೇ ಆಗಬಹುದಿತ್ತು. ಸ್ನಾತಕೋತ್ತರ ವಿಭಾಗದ ಒಬ್ಬ ಮಾರ್ಗದರ್ಶಕ, ತಾಲ್ಲೂಕು ಕಾಲೇಜಿನ ಒಬ್ಬ ಅಧ್ಯಾಪಕ ಜೊತೆಗೂಡಿ ಒಬ್ಬ ವಿದ್ಯಾರ್ಥಿಯನ್ನು ನೋಡಿಕೊಳ್ಳುವ ಏರ್ಪಾಡನ್ನು ನಿಯಮದೊಳಗೆ ತಂದಿದ್ದರೆ ಹಾಸ್ಟೆಲ್ ಖರ್ಚೂ ಉಳಿಯುತ್ತಿತ್ತು. 2024ರ ಆದೇಶ ಸಣ್ಣ ಪತ್ರಿಕೆಗಳ ಗೊಂದಲವನ್ನು ತಗ್ಗಿಸಿದ್ದು ಸರಿ; ಆದರೆ ಅದರ ಜೊತೆಗೆ ನಾಲ್ಕನೇ ವರ್ಷವನ್ನೂ ಕಿತ್ತುಹಾಕುವ ಬದಲು, ಬೇಕೆಂದವರಿಗೆ ಬೇರೆಯಾಗಿ ಉಳಿಸಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ.